ವಿನ್ನಿಯ ಎದುರಿಗೆ ಆಡಿದ ಮಾತು

ಆ ಶನಿವಾರ ನಾನು ನಮ್ಮ ಊರಿನ ಪ್ರಾರ್ಥನಾಮಂದಿರವಾದ ಚಾಪೆಲ್ಲಿನಲ್ಲಿದ್ದೆ. ಮರುದಿನ ಸುಗ್ಗಿಯ ಆರಾಧನೆ. ಊರಿನವರು ತಂದುಕೊಟ್ಟ ಈರುಳ್ಳಿ, ಎಲೆಕೋಸು, ಸೇಬು, ಬೀನ್ಸ್ ಡಬ್ಬಿಗಳನ್ನು ವೇದಿಕೆಯ ಮುಂದೆ ಜೋಡಿಸುವ ಕೆಲಸ ಪ್ರತಿವರ್ಷವೂ ನನ್ನದೇ. ಗೋಧಿಯ ಸಿವುಡಿನ ಆಕಾರದಲ್ಲಿ ಸುಟ್ಟ ದೊಡ್ಡ ಬ್ರೆಡ್ಡನ್ನು ನಡುವೆ ಇಟ್ಟು, ಓರೆಯಾಗಿದೆಯೇ ಎಂದು ಹಿಂದೆ ಸರಿದು ನೋಡುತ್ತಿದ್ದಾಗ ಪಕ್ಕದ ಬಾಗಿಲಿನಿಂದ ನನ್ನ ಮಗಳು ಲಿಡಿಯಾ ಬಂದಳು. ಕೋಟಿನ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡಿದ್ದಳು. ಒಂದು ಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದಿದ್ದಳು.

"ಅಪ್ಪ, ಮಕ್ಕಳ ನಿಲಯದಿಂದ ಫೋನ್ ಬಂದಿತ್ತು."

ಏನೆಂದು ನಾನು ಕೇಳದಿದ್ದರೆ ಅದು ಆಗದೆ ಉಳಿಯಬಹುದೇನೋ ಎಂಬಂತೆ ಕೈಯಲ್ಲಿದ್ದ ಸೇಬನ್ನು ಒರೆಸುತ್ತ ನಿಂತೆ.

"ಬೆಳಿಗ್ಗೆ ಎಬ್ಬಿಸೋಕೆ ಹೋದಾಗ ಉಸಿರೇ ಇರಲಿಲ್ವಂತೆ. ನಿನ್ನೆಯಿಂದ ಎದೆ ಕಟ್ಟಿತ್ತಂತೆ. ಡಾಕ್ಟರಿಗೆ ಹೇಳಿದ್ರಂತೆ, ಅವರು ಇವತ್ತು ಬರೋರಿದ್ರಂತೆ." ಅವಳು ಮುಂದಿನ ಬೆಂಚಿನ ಮೇಲೆ ಮೆಲ್ಲನೆ ಕುಳಿತಳು. "ಅಲ್ಲಿ ಅವಳು ಒಬ್ಳೇ ಇದ್ಲು ಅಪ್ಪ."

ನನ್ನ ಮೊಮ್ಮಗಳು ವಿನ್ನಿ ಹೋದ ಸುದ್ದಿ ನನಗೆ ತಲುಪಿದ್ದು ಹೀಗೆ. ಅವಳಿಗೆ ಒಂಬತ್ತು ವರ್ಷ. ತೀರಿಕೊಂಡ ನನ್ನ ಹೆಂಡತಿಯ ಹೆಸರನ್ನೇ ಅವಳಿಗೆ ಇಟ್ಟಿದ್ದೆವು.

ನಾನು ಲಿಡಿಯಾಳ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡಿದ್ದಾಗ ಬೀದಿಯ ಕೊನೆಯ ಮನೆಯ ಎನಿಡ್, ಪ್ಲಮ್ ಹಣ್ಣಿನ ಮುರಬ್ಬದ ಬಾಟಲಿಗಳನ್ನು ಹೊತ್ತು ಬಂದಳು. ಅವಳಿಗೆ ಏನೂ ತಿಳಿಯದು.

"ಏನಮ್ಮ ಲಿಡಿಯಾ, ಹೇಗಿದೀಯಾ? ಬೆನ್ನು ಹೇಗಿದೆ?"

"ಪರವಾಗಿಲ್ಲ ಎನಿಡ್. ಹೇಗೋ ನಡೀತಿದೆ," ಎಂದಳು ನನ್ನ ಮಗಳು.

ಎನಿಡ್ ಬಾಟಲಿಗಳನ್ನು ಇಟ್ಟು, ಬ್ರೆಡ್ಡು ಸ್ವಲ್ಪ ಎಡಕ್ಕೆ ವಾಲಿದೆಯೆಂದು ಹೇಳಿ ಹೊರಟುಹೋದಳು. ಅವಳ ಹೆಜ್ಜೆಯ ಸದ್ದು ನಿಂತ ಮೇಲೆ ಲಿಡಿಯಾ ಬಾಯಿಗೆ ಕೈ ಒತ್ತಿಕೊಂಡು, ತಾನು ಏನು ಹೇಳಿದೆನೆಂದು ಆಗ ತಿಳಿದವಳಂತೆ, ಬಾಗಿ ಬಾಗಿ ಅತ್ತಳು.

ನಮ್ಮ ಈ ಕಣಿವೆಯಲ್ಲಿ ಯಾರು ಹೇಗಿದೀಯೆಂದು ಕೇಳಿದರೂ ಉತ್ತರ ಅದೇ. ತಾನು ದುಡಿಯುತ್ತಿದ್ದ ಗಿರಣಿ ಮುಚ್ಚಿದಾಗ ನನ್ನ ತಂದೆ ಹೇಳಿದ್ದು ಅದನ್ನೇ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಕೊನೆಯ ವಾರದವರೆಗೂ ಹೇಳಿದ್ದು ಅದನ್ನೇ. ಉಸಿರಿನ ಹಾಗೆ ಬಾಯಿಂದ ತಾನೇ ಬರುವ ಮಾತು ಅದು. ಆ ಮಾತಿನಿಂದ ನಮ್ಮ ಮನೆಗೆ ಏನಾಯಿತೆಂದು ಹೇಳಬೇಕಾಗಿದೆ.

ವಿನ್ನಿಯ ಕೈಕಾಲು ಹುಟ್ಟಿನಿಂದಲೇ ಅವಳ ಮಾತು ಕೇಳುತ್ತಿರಲಿಲ್ಲ. ಕುತ್ತಿಗೆ ನಿಲ್ಲುತ್ತಿರಲಿಲ್ಲ, ನಾಲಗೆ ಹೊರಳುತ್ತಿರಲಿಲ್ಲ, ಊಟ ಹೊಟ್ಟೆಗೆ ಹಾಕಿದ ಕೊಳವೆಯ ಮೂಲಕ. ಆದರೆ ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು. ಹೌದು ಎನ್ನಬೇಕಾದರೆ ಕಣ್ಣುಗಳನ್ನು ಮೇಲಕ್ಕೆತ್ತುವಳು. ಬೇಡ ಎನ್ನಬೇಕಾದರೆ ಕಿಟಕಿಯ ಕಡೆಗೆ ತಿರುಗಿಸುವಳು. ನಾನು ಚಾಪೆಲ್ಲಿನಲ್ಲಿ ಪ್ರವಚನ ಮಾಡುವವನು. ಭಾನುವಾರ ಹೇಳಬೇಕಾದುದನ್ನು ಮೊದಲು ಅವಳಿಗೇ ಓದಿ ಹೇಳುತ್ತಿದ್ದೆ. ಅವಳ ಕಣ್ಣು ಕಿಟಕಿಗೆ ಹೋಯಿತೆಂದರೆ ಆ ಭಾಗವನ್ನು ಹೊಡೆದುಹಾಕುತ್ತಿದ್ದೆ. ಪ್ರವಚನಗಳು ಚಿಕ್ಕವಾದುದಕ್ಕೆ ಊರಿನ ಜನ ಅವಳಿಗೆ ಕೃತಜ್ಞರಾಗಿದ್ದರು. ಅವಳ ತಂದೆ ಅವಳು ಎಳೆಗೂಸಾಗಿದ್ದಾಗಲೇ ಹಲ್ ಎಂಬ ಬಂದರಿಗೆ ಕೆಲಸಕ್ಕೆಂದು ಹೋದವನು ಅಲ್ಲಿಯೇ ಉಳಿದ. ಮನೆಯಲ್ಲಿ ನಾವು ಮೂವರೇ.

ಆರೈಕೆಯವರನ್ನು ಪುರಸಭೆ ಕಳಿಸುತ್ತಿತ್ತು. ಪುರಸಭೆ ತಾನೇ ಜನರನ್ನು ನೇಮಿಸುವುದಿಲ್ಲ. ಊರಿನ ಇಂಥ ಮಕ್ಕಳಿಗೆಲ್ಲ ಎಷ್ಟು ಹೊತ್ತಿನ ಸಹಾಯ ಬೇಕೆಂದು ಲೆಕ್ಕಹಾಕಿ, ಟೆಂಡರ್ ಕರೆದು, ಒಂದು ಸಂಸ್ಥೆಗೆ ಗುತ್ತಿಗೆ ಕೊಡುತ್ತದೆ. ಆಗ ಗುತ್ತಿಗೆ ನಮ್ಮ ಊರಿನದೇ ಒಂದು ಸಣ್ಣ ಸಂಸ್ಥೆಯದಾಗಿತ್ತು. ಬೆಳಿಗ್ಗೆ ಇಬ್ಬರು, ಸಂಜೆ ಇಬ್ಬರು ಬರುತ್ತಿದ್ದರು. ವಿನ್ನಿಯನ್ನು ಎತ್ತುವ ಯಂತ್ರದ ಜೋಲಿಯಲ್ಲಿ ಮಲಗಿಸಿ, ಹಾಸಿಗೆಯಿಂದ ಕುರ್ಚಿಗೆ ತರಲು ಇಬ್ಬರು ಬೇಕೇಬೇಕೆಂದು ನಿಯಮ. ಆ ಇಬ್ಬರಲ್ಲಿ ಒಬ್ಬಳು ಯಾವಾಗಲೂ ಥೆಂಬಿ. ಕಡಲಾಚೆಯ ಬುಲವಾಯೊ ಎಂಬ ಊರಿನಿಂದ ಬಂದವಳು, ಎರಡು ಮಕ್ಕಳ ತಾಯಿ, ನಗು ಬೀದಿಗೆಲ್ಲ ಕೇಳುವಂಥದು.

"ಏಳು ನನ್ನ ರಾಣಿ, ಇವತ್ತು ಯಾವ ದೇಶ ಆಳ್ಬೇಕು? ಫ್ರಾನ್ಸ್ ಆಳ್ತೀಯಾ?" ಕಣ್ಣು ಕಿಟಕಿಗೆ ಹೋಗುವುದು. "ಬೇಡ್ವಾ? ಹಾಗಾದ್ರೆ ತಾತನ್ನೇ ಆಳು. ಅದೇ ಸುಲಭ." ಕಣ್ಣು ಮೇಲೇರುವುದು. "ತಾತ, ಕೇಳಿಸ್ತಾ? ಟೀ ಮಾಡ್ಬೇಕಂತೆ ನೀವು."

ಗುತ್ತಿಗೆಯ ಅವಧಿ ಮುಗಿಯುತ್ತ ಬಂತು. ಹೊಸದನ್ನು ಕರೆಯುವ ಮುನ್ನ ಯಾವ ಮನೆಗೆ ಎಷ್ಟು ಬೇಕೆಂದು ಮತ್ತೆ ನೋಡಲು ಪುರಸಭೆಯಿಂದ ಜೆಮ್ಮಾ ಎಂಬ ಹುಡುಗಿ ಬರುವಳೆಂದು ತಿಳಿಯಿತು. ಆ ವಾರ ಥೆಂಬಿ ವಿನ್ನಿಯ ತಲೆ ಬಾಚುತ್ತ ಲಿಡಿಯಾಳಿಗೆ ಹೇಳಿದಳು:

"ಅಕ್ಕ, ಆವತ್ತು ಮನೆ ಗುಡಿಸ್ಬೇಡಿ. ಪಾತ್ರೆ ಹಾಗೇ ಬಿದ್ದಿರ್ಲಿ. ಕಫ ಎಳೆಯೋ ಮಿಷನ್ನು ನಡುಮನೇಲೇ ಇರ್ಲಿ. ಅವಳು ಕಣ್ಣಾರೆ ನೋಡ್ಕೊಂಡು ಹೋಗ್ಲಿ."

"ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಗುಡಿಸ್ದೇ ಇರೋಕಾಗುತ್ತೇನೇ? ನಮ್ಮಮ್ಮ ಸಮಾಧಿಯಿಂದ ಎದ್ದು ಬರ್ತಾಳೆ ಪೊರಕೆ ತಗೊಂಡು."

"ನೆಂಟರು ಬಂದ್ರೆ ನಮ್ಮೂರಲ್ಲೂ ಕೋಳಿ ಕುಯ್ತೀವಿ. ಆದ್ರೆ ಇವಳು ನೆಂಟಳಲ್ಲ ಅಕ್ಕ. ನಿಮ್ಮ ಮನೇಲಿ ಕೋಳಿ ಇಲ್ಲ ಅನ್ನೋದನ್ನ ನೋಡೋಕೆ ಬರೋಳು."

ಲಿಡಿಯಾ ನಕ್ಕಳು. ಆದರೆ ಜೆಮ್ಮಾ ಬರುವ ಹಿಂದಿನ ದಿನ ಅವಳು ಮನೆಯನ್ನು ಮೇಲಿನಿಂದ ಕೆಳಗಿನವರೆಗೆ ತೊಳೆದಳು. ಕಿಟಕಿಯ ಗಾಜು ಒರೆಸಿದಳು, ಹೊಸ್ತಿಲು ಉಜ್ಜಿದಳು. ಕಫ ಎಳೆಯುವ ಯಂತ್ರ ಬೀರುವಿನೊಳಗೆ ಹೋಯಿತು. ಎತ್ತುವ ಯಂತ್ರದ ಮೇಲೆ ಹೂವಿನ ಹೊದಿಕೆ ಬಿತ್ತು. ನಿಂಬೆಯ ಕೇಕು ಸಿದ್ಧವಾಯಿತು. ವಿನ್ನಿಗೆ ಹಸಿರು ಫ್ರಾಕು ತೊಡಿಸಿ, ಕೂದಲಿಗೆ ರಿಬ್ಬನ್ನು ಕಟ್ಟಿ, ಕುರ್ಚಿಯನ್ನು ಬೆಳಕಿಗೆ ತಿರುಗಿಸಿದಳು.

ಜೆಮ್ಮಾ ಒಳ್ಳೆಯ ಹುಡುಗಿ. ಬಂದವಳೇ ಮೊದಲು ವಿನ್ನಿಯನ್ನು ಮಾತನಾಡಿಸಿದಳು. ಇಂದಿಗೂ ನಾನು ಅವಳನ್ನು ದೂರುವುದಿಲ್ಲ.

"ಹೇಳಿ ಲಿಡಿಯಾ, ನಿಮ್ಮ ದಿನ ಹೇಗೆ ಹೋಗುತ್ತೆ? ಒಳ್ಳೆ ದಿನಗಳದ್ದಲ್ಲ, ತೀರಾ ಕಷ್ಟ ಆಗೋ ದಿನದ್ದು ಹೇಳಿ. ನಂಗೆ ಅದೇ ಬೇಕಾಗಿರೋದು."

ಲಿಡಿಯಾ ಬಾಯಿ ತೆರೆದಳು. ಎದುರಿಗೆ ವಿನ್ನಿ, ಕಣ್ಣು ಮಿಟುಕಿಸದೆ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಪರವಾಗಿಲ್ಲಮ್ಮ, ಹೇಗೋ ನಡೀತಿದೆ. ನಮಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದ್ದಾರೆ. ಅಲ್ವೇನೇ ವಿನ್ನಿ?"

ವಿನ್ನಿಯ ಕಣ್ಣು ಮೇಲೇರಿತು. ಜೆಮ್ಮಾ ಸಂತೋಷದಿಂದ ನಕ್ಕು ಇನ್ನೊಂದು ತುಂಡು ಕೇಕು ತೆಗೆದುಕೊಂಡಳು.

ಅವಳು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ, ಯಾಕೆ ಹೇಳಲಿಲ್ಲವೆಂದು ಕೇಳಿದೆ. ಲಿಡಿಯಾ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಪಿಸುಗುಟ್ಟಿದಳು.

"ಅವಳ ಎದುರಿಗೆ ಏನಂತ ಹೇಳ್ಲಿ ಅಪ್ಪ? ನಿನ್ನಿಂದ ನಂಗೆ ನಿದ್ದೆ ಇಲ್ಲ, ನಿನ್ನಿಂದ ನನ್ನ ಬೆನ್ನು ಮುರೀತಿದೆ ಅಂತ ಹೇಳ್ಲಾ? ಅವಳಿಗೆ ಎಲ್ಲಾ ಕೇಳುತ್ತೆ."

"ವಿನ್ನೀನ ಪಕ್ಕದ ಕೋಣೆಗೆ ಕರ್ಕೊಂಡು ಹೋಗಿ ಬಿಡಬಹುದಿತ್ತಲ್ಲ."

"ಯಾಕೆ ಕರ್ಕೊಂಡು ಹೋದ್ರು ಅಂತ ಅವಳಿಗೆ ಗೊತ್ತಾಗಲ್ವಾ?"

ಅವಳು ಹೇಳಿದ್ದು ಸರಿಯೆಂದೇ ಅನಿಸಿತು. ಈಗಲೂ ಸರಿಯೆಂದೇ ಅನಿಸುತ್ತದೆ. ಸಹಾಯ ಬೇಕಾದರೆ ಮಗುವಿನ ಎದುರಿಗೇ ಮಗುವನ್ನು ಹೊರೆಯೆಂದು ಸಾಬೀತು ಮಾಡಬೇಕು. ಅಂಥ ಸಾಕ್ಷಿ ಹೇಳಲಾರದ ತಾಯಿ ತಪ್ಪಿದಳೆಂದು ನಾನು ಯಾವ ದೇವರ ಮುಂದೆ ಹೇಳಲಿ?

ಹೊಸ ಗುತ್ತಿಗೆ ದೂರದ ಪಟ್ಟಣದ ಒಂದು ದೊಡ್ಡ ಸಂಸ್ಥೆಗೆ ಹೋಯಿತು. ಅದು ಎಲ್ಲರಿಗಿಂತ ಅಗ್ಗಕ್ಕೆ ಮಾಡಲು ಒಪ್ಪಿತ್ತಂತೆ. ನಮ್ಮದು ಚೆನ್ನಾಗಿ ನಿಭಾಯಿಸುತ್ತಿರುವ ಕುಟುಂಬವೆಂದು ಪುರಸಭೆ ತೀರ್ಮಾನಿಸಿತ್ತು. ಆದ್ದರಿಂದ ಬೆಳಿಗ್ಗೆ ಇಬ್ಬರು ಉಳಿದರು, ಸಂಜೆ ಒಬ್ಬಳಾದಳು. ಇನ್ನೊಬ್ಬರ ಕೆಲಸವನ್ನು ಮನೆಯವರೇ ಮಾಡಬೇಕು. ಥೆಂಬಿ ಬೇಕಿದ್ದರೆ ಹೊಸ ಸಂಸ್ಥೆಗೆ ಸೇರಬಹುದಿತ್ತು. ಆದರೆ ಅವರು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತಿಗೆ ಕೂಲಿ ಕೊಡುವುದಿಲ್ಲ. ನಮ್ಮ ಕಣಿವೆಯ ಬಸ್ಸುಗಳನ್ನು ಕಾಯುತ್ತ ಅವಳ ಅರ್ಧ ದಿನ ಕಳೆಯುತ್ತಿತ್ತು. ಹೆದ್ದಾರಿಯ ಪಕ್ಕದ ದೊಡ್ಡ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದಳು.

ಕೊನೆಯ ದಿನ ಅವಳು ವಿನ್ನಿಯ ಕುರ್ಚಿಯ ಮುಂದೆ ಮಂಡಿಯೂರಿ ಕುಳಿತಳು.

"ರಾಣಿ, ನನ್ನ ಕಡೆ ನೋಡು. ನಾನು ಹೋಗ್ತಾ ಇರೋದು ನಿನ್ನಿಂದಾಗಿ ಅಲ್ಲ. ನನ್ನ ಮಕ್ಕಳ ಹೊಟ್ಟೆಗೋಸ್ಕರ. ನಿನ್ನಿಂದಾಗಿ ಅಲ್ಲ. ಗೊತ್ತಾಯ್ತಾ?"

ವಿನ್ನಿಯ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. ಥೆಂಬಿ ಏಳಲಿಲ್ಲ. ಮತ್ತೆ ಹೇಳಿದಳು, ಮತ್ತೂ ಹೇಳಿದಳು. ಕೊನೆಗೆ ಆ ಕಣ್ಣುಗಳು ಮೆಲ್ಲನೆ ಮೇಲೇರಿದವು. ಆಮೇಲೆಯೇ ಅವಳು ಎದ್ದು ಕೋಟು ಹಾಕಿಕೊಂಡದ್ದು.

ಆಮೇಲೆ ಬಂದವರ ಮುಖಗಳು ನನಗೆ ನೆನಪಿಲ್ಲ. ಪ್ರತಿಯೊಬ್ಬರಿಗೂ ಲಿಡಿಯಾ ಬಾಗಿಲಿನಲ್ಲೇ ಅದನ್ನೇ ಒಪ್ಪಿಸುತ್ತಿದ್ದಳು. "ಎಡಮಗ್ಗುಲಿಗೆ ಮಲಗಿಸಿ, ಬಲಕ್ಕೆ ಮಲಗಿಸಿದ್ರೆ ಕಫ ಕಟ್ಟುತ್ತೆ. ಕೈ ಬೆಚ್ಚಗೆ ಮಾಡ್ಕೊಂಡು ಮುಟ್ಟಿ. ಅವಳ ತಲೆ ಮೇಲಿಂದ ಮಾತಾಡ್ಬೇಡಿ, ಅವಳ ಹತ್ರಾನೇ ಮಾತಾಡಿ. ಕಣ್ಣು ಮೇಲಕ್ಕೆ ಅಂದ್ರೆ ಹೌದು. ಕಿಟಕಿ ಕಡೆ ಅಂದ್ರೆ ಬೇಡ." ಬಂದವರು ತಲೆಯಾಡಿಸುವರು. ಕಲಿತುಕೊಳ್ಳುವಷ್ಟರಲ್ಲಿ ಅವರೂ ಬೇರೆ ಕೆಲಸಕ್ಕೆ ಹೋಗಿರುವರು. ಒಬ್ಬ ಹುಡುಗಿಯಂತೂ ಬೆಳಿಗ್ಗೆಯೆಲ್ಲ ಏನು ಕೇಳಿದರೂ ವಿನ್ನಿ ಬೇಡವೆನ್ನುತ್ತಿದ್ದುದನ್ನು ನೋಡಿ, "ಬರೀ ಕಿಟಕಿನೇ ನೋಡ್ತಾಳಲ್ಲ ಪಾಪ, ಹಕ್ಕಿ ಅಂದ್ರೆ ಇಷ್ಟಾನಾ?" ಎಂದಳು.

ಬೇಸಿಗೆಯ ಹೊತ್ತಿಗೆ ಸಂಜೆಯವರು ಬರುವುದೇ ಅಪರೂಪವಾಯಿತು. ಫೋನು ಮಾಡಿದರೆ, ಜನ ಸಿಗುತ್ತಿಲ್ಲ, ಕ್ಷಮಿಸಿ ಎನ್ನುತ್ತಿದ್ದರು. ಕ್ಷಮೆ ಕೇಳುವ ಧ್ವನಿಯೂ ಪ್ರತಿಸಲ ಹೊಸದು. ಯಂತ್ರದ ಒಂದು ಬದಿಯನ್ನು ನಾನು ಹಿಡಿಯುತ್ತಿದ್ದೆ. ನನ್ನ ಮಂಡಿ ನಿಲ್ಲದ ದಿನ ಲಿಡಿಯಾ ಒಬ್ಬಳೇ ಮಗುವನ್ನು ತೋಳಿನಲ್ಲಿ ಎತ್ತುತ್ತಿದ್ದಳು. ಆಗಸ್ಟಿನ ಒಂದು ಸಂಜೆ, ಚಹದ ಹೊತ್ತು, ಎತ್ತಿಕೊಂಡು ತಿರುಗುವಾಗ ಅವಳ ಬೆನ್ನು ಹಿಡಿದುಕೊಂಡಿತು. ಬೀಳುವಾಗಲೂ ಅವಳು ಮಗು ಮೇಲೆ, ತಾನು ಕೆಳಗೆ ಇರುವಂತೆ ಬಿದ್ದಳು. ವಿನ್ನಿಗೆ ಒಂದು ಗೀರೂ ಆಗಲಿಲ್ಲ. ಪಕ್ಕದ ಮನೆಯವರು ಬಂದು ಇಬ್ಬರನ್ನೂ ಎತ್ತಿದರು.

ಸುದ್ದಿ ತಿಳಿದು ಮರುದಿನ ಜೆಮ್ಮಾ ಬಂದಳು. ಈ ಸಲ ಮನೆ ಗುಡಿಸಿರಲಿಲ್ಲ. ಲಿಡಿಯಾ ಸೋಫಾದ ಮೇಲೆ ಮಲಗಿದ್ದಳು. ವಿನ್ನಿಯ ಕುರ್ಚಿ ಗೋಡೆಯ ಪಕ್ಕದಲ್ಲಿತ್ತು.

"ಹೇಗಿದೀರಾ ಲಿಡಿಯಾ?"

ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಇಷ್ಟು ವರ್ಷ ನುಂಗಿದ್ದೆಲ್ಲ ನನ್ನ ಮಗಳ ಬಾಯಿಗೆ ಬಂತು.

"ಹೇಗಿದೀನಾ? ಕಾಣಿಸ್ತಿಲ್ವಾ ನಿಮಗೆ? ನನ್ನ ಕೈಲಾಗಲ್ಲ! ಇವಳನ್ನ ಎತ್ತೋಕೆ ನನ್ನ ಕೈಲಾಗಲ್ಲ, ತೊಳೆಯೋಕೆ ಆಗಲ್ಲ, ಎದ್ದು ಕೂರೋಕೂ ಆಗಲ್ಲ. ನಂಗೆ ಸಾಕಾಗಿದೆ. ಇನ್ನೊಂದು ದಿನ ಆಗಲ್ಲ ನಂಗೆ. ಬರ್ಕೊಳಿ ಇದನ್ನ! ಕಷ್ಟದ ದಿನ ಬೇಕಿತ್ತಲ್ಲ, ಬರ್ಕೊಳಿ!"

ನಾನು ವಿನ್ನಿಯ ಕಡೆ ನೋಡಿದೆ. ಅವಳು ತಾಯಿಯನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಕಿಟಕಿಯ ಕಡೆಗಿತ್ತು. ಪರದೆ ಎಳೆದಿತ್ತು, ಅಲ್ಲಿ ನೋಡುವಂಥದೇನೂ ಇರಲಿಲ್ಲ.

ಪುರಸಭೆ ಆ ದಿನವೇ ಕೆಲಸ ಮಾಡಿತು. ಸಂಜೆಗೆ ಕಳಿಸಲು ಕಣಿವೆಯಲ್ಲೆಲ್ಲೂ ಜನರಿಲ್ಲ, ಹೊಸ ಸಂಸ್ಥೆ ತಾನು ಒಪ್ಪಿಕೊಂಡಿದ್ದ ಮನೆಗಳನ್ನೇ ಪುರಸಭೆಗೆ ಹಿಂದಿರುಗಿಸುತ್ತಿದೆ ಎಂದು ಜೆಮ್ಮಾ ಹೇಳಿದಳು. ಅವಳ ಕಣ್ಣಿನಲ್ಲಿ ನೀರಿತ್ತು. ಪೂರ್ವದ ಕಡಲತೀರದಲ್ಲಿ ಇಂಥ ಮಕ್ಕಳ ಒಂದು ನಿಲಯವಿದೆ, ಅಲ್ಲಿ ಒಂದು ಹಾಸಿಗೆ ಖಾಲಿಯಿದೆ, ಬೆನ್ನು ವಾಸಿಯಾಗುವವರೆಗೆ ಮಾತ್ರ ಎಂದಳು. ಮನೆಗೆ ಇಬ್ಬರು ಹೆಂಗಸರನ್ನು ಕಳಿಸಲು ಪುರಸಭೆಯಲ್ಲಿ ಇಲ್ಲದ ಹಣ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ, ಆ ಹಾಸಿಗೆಗೆ ಇತ್ತು.

ಲಿಡಿಯಾಳಿಗೆ ವಾಹನದಲ್ಲಿ ಕೂರಲಾಗುತ್ತಿರಲಿಲ್ಲ. ನಾನೇ ವಿನ್ನಿಯ ಜೊತೆ ಹೋದೆ. ಅಲ್ಲಿಯ ಹೆಂಗಸಿಗೆ ಎಲ್ಲವನ್ನೂ ಒಪ್ಪಿಸಿದೆ: ಎಡಮಗ್ಗುಲು, ಬೆಚ್ಚನೆಯ ಕೈ, ಮೇಲಕ್ಕೆ ಹೌದು, ಕಿಟಕಿಗೆ ಬೇಡ. ಆಕೆ ತಲೆಯಾಡಿಸಿದಳು. ಹೊರಡುವಾಗ ನಾನು ಬಾಗಿ ಕೇಳಿದೆ.

"ಅಮ್ಮನ ಬೆನ್ನು ವಾಸಿಯಾದ ಕೂಡ್ಲೇ ಬಂದು ಕರ್ಕೊಂಡು ಹೋಗ್ತೀವಿ ಚಿನ್ನ. ಆಯ್ತಾ?"

ಅವಳ ಕಣ್ಣು ಮೇಲೇರಲೂ ಇಲ್ಲ, ತಿರುಗಲೂ ಇಲ್ಲ. ಮುಚ್ಚಿಕೊಂಡಿತು. ಅವಳಿಗೆ ದಣಿವಾಗಿದೆಯೆಂದು ಆ ಹೆಂಗಸು ಹೇಳಿದಳು.

ಲಿಡಿಯಾ ದಿನವೂ ಫೋನು ಮಾಡಿದಳು. ಮುಖ ಕಾಣುವ ಕರೆಗೆ ಅಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಯಾರಾದರೊಬ್ಬರು ಫೋನನ್ನು ವಿನ್ನಿಯ ಕಿವಿಗೆ ಹಿಡಿಯುವರು. ಲಿಡಿಯಾ ಮಲಗಿದಲ್ಲಿಂದಲೇ, "ವಿನ್ನಿ, ನಾನು ಆವತ್ತು ಹೇಳಿದ್ದು ನಿನ್ನ ಮೇಲಲ್ಲ ಕಣೇ. ನನ್ನ ಬೆನ್ನಿನ ಮೇಲೆ. ನೀನು ನಂಗೆ ಬೇಕು. ಕೇಳಿಸ್ತಾ?" ಎನ್ನುವಳು. ಆಮೇಲೆ ಫೋನು ಹಿಡಿದವರನ್ನು ಕೇಳುವಳು: "ಎಲ್ಲಿ ನೋಡ್ತಿದ್ದಾಳೆ? ಮೇಲೆ ನೋಡಿದ್ಲಾ?"

"ಕಿಟಕಿ ಕಡೆ ನೋಡ್ತಿದ್ದಾಳಮ್ಮ. ಸಮುದ್ರ ಕಾಣುತ್ತಲ್ಲ ಇಲ್ಲಿಂದ. ಅವಳಿಗೆ ಸಮುದ್ರ ಅಂದ್ರೆ ತುಂಬ ಇಷ್ಟ ಆಗ್ಬಿಟ್ಟಿದೆ."

ಪ್ರತಿದಿನವೂ ಆ ಒಂದೇ ಉತ್ತರ. ಸಮುದ್ರವೋ, ಬೇಡವೆಂಬ ಮಾತೋ, ನಮಗೆ ತಿಳಿಯುವ ಉಪಾಯವಿರಲಿಲ್ಲ. ಬೆನ್ನು ಸ್ವಲ್ಪ ಬಗ್ಗುವಂತಾಗಿ, ಮುಂದಿನ ವಾರ ಹೋಗಿ ಕರೆತರುವುದೆಂದು ಮಾತಾಡಿಕೊಂಡಿದ್ದೆವು. ಆಗ ಆ ಶನಿವಾರ ಬಂತು.

ಸುಗ್ಗಿಯ ತರಕಾರಿಗಳನ್ನು ಇನ್ನೂ ತೆಗೆದಿರದ ಚಾಪೆಲ್ಲಿನಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಥೆಂಬಿ ಗೋದಾಮಿನ ಹಳದಿ ಅಂಗಿಯಲ್ಲೇ ಬಂದು ಲಿಡಿಯಾಳ ಪಕ್ಕದಲ್ಲಿ ಕುಳಿತಳು. ಜೆಮ್ಮಾ ಬಾಗಿಲ ಬಳಿ ನಿಂತಿದ್ದು ಕೊನೆಯ ಹಾಡಿಗೆ ಮುಂಚೆ ಹೊರಟುಹೋದಳು. ಪುರಸಭೆ ಮತ್ತೆ ಟೆಂಡರ್ ಕರೆಯಲಿದೆಯಂತೆ. ಆರೈಕೆ ಹೇಗಿತ್ತೆಂದು ಕೇಳಲು ತಾಯ್ತಂದೆಯರನ್ನು ಒಂದು ದಿನ ಗ್ರಂಥಾಲಯಕ್ಕೆ ಕರೆದಿದ್ದರು. ಲಿಡಿಯಾ ಆ ದಿನ ಕೋಟು ಹಾಕಿಕೊಂಡು ಬಾಗಿಲವರೆಗೆ ಹೋಗಿ, ಅಲ್ಲಿಯೇ ಸ್ವಲ್ಪ ಹೊತ್ತು ನಿಂತು, ಕೋಟು ಬಿಚ್ಚಿ ಮೊಳೆಗೆ ಹಾಕಿ ಮಲಗಿಬಿಟ್ಟಳು.

ಅವಳು ಈಗ ಒಂದೇ ಮಾತು ಕೇಳುತ್ತಾಳೆ. ಚಹ ಕೊಟ್ಟಾಗ ಕೇಳುತ್ತಾಳೆ, ಬೆನ್ನಿಗೆ ಎಣ್ಣೆ ಹಚ್ಚುವಾಗ ಕೇಳುತ್ತಾಳೆ.

"ಅಪ್ಪ, ಅವಳು ಏನಂದ್ಕೊಂಡು ಹೋದ್ಲು?"

ಎಷ್ಟೋ ಮನೆಗಳಲ್ಲಿ, ಎಷ್ಟೋ ಹಾಸಿಗೆಗಳ ಪಕ್ಕದಲ್ಲಿ ನಿಂತು ನಾನು ಸಾಂತ್ವನದ ಮಾತು ಹೇಳಿದವನು. ಅವು ಯಾವುವೂ ಈಗ ನನ್ನ ನಾಲಗೆಗೆ ಬರುವುದಿಲ್ಲ. ನಿನ್ನ ಪ್ರೀತಿ ಅವಳಿಗೆ ಗೊತ್ತಿತ್ತು ಎಂದೆ ಒಮ್ಮೆ. ಲಿಡಿಯಾ ನನ್ನನ್ನು ನೋಡಿ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದಳು. ಮತ್ತೆ ನಾನು ಹಾಗೆ ಹೇಳಲಿಲ್ಲ.

ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ನಮ್ಮ ಚಾಪೆಲ್ಲಿನಲ್ಲಿಲ್ಲ. ಹೋದವರು ದೇವರ ಕೈಯಲ್ಲಿದ್ದಾರೆ, ಅವನಿಗೆ ನಾವು ಹೇಳಿಕೊಡಬೇಕಾದುದೇನೂ ಇಲ್ಲವೆಂದು ನಮ್ಮ ಹಿರಿಯರ ನಂಬಿಕೆ. ನಾನೂ ಅದನ್ನೇ ಬೋಧಿಸಿಕೊಂಡು ಬಂದವನು. ಆದರೆ ಮಗುವನ್ನು ಹೊಸ ಕೈಗೆ ಒಪ್ಪಿಸುವಾಗ ಹೇಳಬೇಕಾದುದನ್ನು ಹೇಳದೆ ಬಿಡುವುದು ಹೇಗೆ? ಆದ್ದರಿಂದ ಪ್ರತಿದಿನ ಬೆಳಿಗ್ಗೆ, ಅವಳ ಖಾಲಿ ಕುರ್ಚಿಯ ಪಕ್ಕದಲ್ಲಿ ಕುಳಿತು, ನಮ್ಮವರ ಪದ್ಧತಿಯನ್ನು ಮೀರಿ ಹೀಗೆ ಪ್ರಾರ್ಥಿಸುತ್ತೇನೆ:

ತಂದೆಯೇ, ನಿನ್ನ ಬಳಿಗೆ ವಿನ್ನಿ ಬಂದಿದ್ದಾಳೆ. ಅಲ್ಲಿ ಅವಳಿಗೆ ಕೈಕಾಲು ಬಂದಿವೆಯೆಂದೂ ಮಾತು ಬಂದಿದೆಯೆಂದೂ ನಮ್ಮವರು ಹೇಳುತ್ತಾರೆ. ನನಗೆ ತಿಳಿಯದು. ಬಂದಿರದಿದ್ದರೆ, ಅವಳನ್ನು ಎಡಮಗ್ಗುಲಿಗೆ ಮಲಗಿಸು. ಕೈ ಬೆಚ್ಚಗೆ ಮಾಡಿಕೊಂಡು ಮುಟ್ಟು. ಅವಳ ತಲೆಯ ಮೇಲಿಂದ ಮಾತನಾಡಬೇಡ, ಅವಳೊಂದಿಗೇ ಮಾತನಾಡು. ಅವಳ ತಾಯಿ ಆ ದಿನ ಆಡಿದ್ದು ದಣಿದ ಮೈಯ ಮಾತೆಂದೂ, ಅವಳು ಈ ಮನೆಗೆ ಬೇಕಾಗಿದ್ದಳೆಂದೂ ಹೇಳು. ಒಂದೇ ಸಲಕ್ಕೆ ಅವಳು ನಂಬಲಾರಳು. ಅವಳ ಕಣ್ಣು ಮೇಲೇರುವವರೆಗೆ ಮಂಡಿಯೂರಿ ಕುಳಿತು ಹೇಳು, ಬೇಸರಿಸಬೇಡ. ಅವಳು ಹೌದೆಂದ ಮೇಲೆ, ಸ್ವಾಮಿ, ಅವಳಿಗೆ ಶಾಂತಿಯನ್ನು ಕೊಡು. ಆಮೆನ್.